ತೋಟದ ಮನೆಗೆ ಕ್ಯಾಮೆರಾ: 23 ಸಾವಿರದೊಳಗೆ ಮುಗಿದ ಒಂದು ಪ್ರಕರಣ

ನನ್ನ ಚಿಕ್ಕಪ್ಪನ ಮನೆ ಸಾಗರ ತಾಲೂಕಿನಲ್ಲಿದೆ. ಸುತ್ತ ಅಡಿಕೆ ತೋಟ. ಪಕ್ಕದ ಮನೆ ಕೂಗಳತೆಗಿಂತ ಆಚೆ. ಮನೆಯಲ್ಲಿ ಇರುವುದು ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೇ; ಇಬ್ಬರಿಗೂ ಎಪ್ಪತ್ತು ದಾಟಿದೆ. ಮಗ ಬೆಂಗಳೂರಿನಲ್ಲಿದ್ದಾನೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಅಡಿಕೆ ಕೊನೆ (ಗೊನೆ) ಕೊಯ್ಲು. ಆಗ ಸುಲಿದು, ಬೇಯಿಸಿ, ಚೊಗರಿನ (ಅಡಿಕೆ ಬೆಂದ ನೀರಿನ) ಬಣ್ಣ ಹತ್ತಿದ ಅಡಿಕೆ ಅಂಗಳದ ತುಂಬ ಹರವಿರುತ್ತದೆ. ಚೆನ್ನಾಗಿ ಒಣಗಲು ವಾರ ಬೇಕು. ಕ್ವಿಂಟಲ್‌ಗೆ 40 ಸಾವಿರ ದಾಟಿದ ಮಾಲು ರಾತ್ರಿಯಿಡೀ ಆಕಾಶದ ಕೆಳಗೆ ಬಿದ್ದಿರುತ್ತದೆ ಅಂದರೆ ಯಾರಿಗೆ ನಿದ್ದೆ ಬರುತ್ತದೆ? ಅಂಗಳದಿಂದ ಅಡಿಕೆ ಕದ್ದ ಸುದ್ದಿ ನಮ್ಮ ಕಡೆ ಹೊಸದೂ ಅಲ್ಲ.

ಮಗ ಪೇಟೆಯ ಒಂದು ಅಂಗಡಿಯಿಂದ ಕೊಟೇಶನ್ ತರಿಸಿದ್ದ. ಎಂಟು ಕ್ಯಾಮೆರಾ, ಎಂಟು ಚಾನೆಲ್ ಡಿವಿಆರ್ (ಎಂಟು ಕ್ಯಾಮೆರಾದ ಚಿತ್ರ ಬರೆದಿಡುವ ಪೆಟ್ಟಿಗೆ), ಎಲ್ಲ ಸೇರಿ 45 ಸಾವಿರದ ಹತ್ತಿರ. ಮನೆಯ ನಾಲ್ಕು ಮೂಲೆಗೆ ನಾಲ್ಕು, ಒಳಗೆ ಎರಡು, ಕೊಟ್ಟಿಗೆಗೆ ಒಂದು, ಗೇಟಿಗೆ ಒಂದು. ಯಾವ ಕ್ಯಾಮೆರಾ ಏನನ್ನು ನೋಡಬೇಕು ಅನ್ನುವ ಮಾತು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಅಗ್ಗದ ವ್ಯವಸ್ಥೆ ಕೆಡುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಕ್ಯಾಮೆರಾ ಎಣಿಸಿ ದುಡ್ಡು ಕೊಟ್ಟರೆ ದುಬಾರಿ ಆಗುತ್ತದೆ. ಪ್ರಶ್ನೆ ಎಣಿಸಿ ಕೊಟ್ಟರೆ ಅರ್ಧಕ್ಕೆ ಇಳಿಯುತ್ತದೆ. ಈ ಮನೆಯಲ್ಲಿ ಆಗಿದ್ದೂ ಅದೇ.

ಮೂರು ಪ್ರಶ್ನೆ

ಜಗಲಿಯಲ್ಲಿ ಕೂತು ಚಿಕ್ಕಪ್ಪನನ್ನು ಕೇಳಿದೆವು: ಬೆಳಿಗ್ಗೆ ಎದ್ದಾಗ ಏನು ಗೊತ್ತಾಗಬೇಕು? ಅವರು ಹೇಳಿದ್ದು ಇಷ್ಟು. ರಾತ್ರಿ ಅಂಗಳಕ್ಕೆ ಯಾರಾದರೂ ಇಳಿದರಾ? ಇಳಿದವರು ಯಾರು, ಮುಖ ಕಾಣಬೇಕು. ಅಡಿಕೆ ಚೀಲ ಇಡುವ ಕೋಣೆಯ ಬಾಗಿಲಿಂದ ಏನು ಒಳಗೆ ಹೋಯಿತು, ಏನು ಹೊರಗೆ ಬಂತು? ರಸ್ತೆ ಕಡೆ ದಣಪೆ (ಗೇಟು) ಹತ್ತಿರ ಯಾವ ಗಾಡಿ ಬಂದು ನಿಂತಿತು?

ಕೊಟ್ಟಿಗೆಯಲ್ಲಿ ಈಗ ಇರುವುದು ಒಂದು ಹಸು, ಒಂದು ಕರು. ಅಲ್ಲಿಗೆ ಕ್ಯಾಮೆರಾ ಯಾಕೆ ಅಂತ ಅವರೇ ಕೇಳಿದರು. ಒಳಗಿನ ಎರಡು ಕ್ಯಾಮೆರಾಗಳನ್ನು ಚಿಕ್ಕಮ್ಮ ಒಂದೇ ಮಾತಿನಲ್ಲಿ ತೆಗೆದು ಹಾಕಿದರು. "ನಾನು ಕೂತಲ್ಲಿ ನಿಂತಲ್ಲಿ ಬೆಂಗಳೂರಿಂದ ನೋಡ್ತಾ ಇರ್ತಾನಾ? ಬೇಡವೇ ಬೇಡ. ಬೇಕಾದರೆ ದಿನಾ ಫೋನ್ ಮಾಡಲಿ." ಮಗ ಸ್ವಲ್ಪ ವಾದ ಮಾಡಿದ. ಬಿದ್ದರೆ, ಎಡವಿದರೆ ಗೊತ್ತಾಗಲಿ ಅನ್ನುವುದು ಅವನ ಕಾಳಜಿ. ಅದು ತಪ್ಪಲ್ಲ. ಆದರೆ ಸ್ವಂತ ಮನೆಯೊಳಗೆ ಸದಾ ಯಾರೋ ನೋಡುತ್ತಿದ್ದಾರೆ ಅನ್ನಿಸಿಕೊಂಡು ಬದುಕಬೇಕಾದವರು ಅವರು, ನಾವಲ್ಲ. ಒಳಗೆ ಕ್ಯಾಮೆರಾ ಇಲ್ಲ ಅಂತ ತೀರ್ಮಾನವಾಯಿತು. ವಯಸ್ಸಾದವರ ಮನೆಗೆ ಕ್ಯಾಮೆರಾ ಹಾಕಿಸುವ ಎಲ್ಲರೂ ಈ ಮಾತನ್ನು ಮೊದಲೇ ಆಡಬೇಕು. ಹಾಕಿಸಿದ ಮೇಲೆ ಆಡಿದರೆ ಪ್ಲಗ್ ಕಿತ್ತಿಟ್ಟ ಕ್ಯಾಮೆರಾ ಸಿಗುತ್ತದೆ, ಅಷ್ಟೇ.

ಹೀಗೆ ಎಂಟು ಇದ್ದದ್ದು ನಾಲ್ಕಕ್ಕೆ ಇಳಿಯಿತು. ಅಂಗಳಕ್ಕೆ ಎರಡು, ಅಡಿಕೆ ಕೋಣೆಯ ಬಾಗಿಲಿಗೆ ಒಂದು, ದಣಪೆಗೆ ಒಂದು.

ಹದಿಮೂರು ಚುಕ್ಕಿಯ ಮುಖ

ಅಂಗಳಕ್ಕೆ ಎರಡು ಯಾಕೆ ಅಂತ ಕೇಳಬಹುದು. ಕೊಟೇಶನ್‌ನಲ್ಲಿ ಇದ್ದದ್ದು ಒಂದೇ, ಅದೂ ಮಾಡಿನ ತುದಿಯಲ್ಲಿ, ಇಡೀ ಅಂಗಳ ಕಾಣುವ ಹಾಗೆ. ಟಿವಿಯಲ್ಲಿ ನೋಡಿದರೆ ಚಿತ್ರ ಬಹಳ ಚೆಂದ. ಲೆಕ್ಕ ಹಾಕಿದರೆ ಮಾತ್ರ ಬೇರೆ ಕಥೆ.

ಅಗ್ಗದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಬರುವುದು 2 ಮೆಗಾಪಿಕ್ಸೆಲ್. ಚಿತ್ರದ ಅಗಲ 1920 ಚುಕ್ಕಿ (ಪಿಕ್ಸೆಲ್). ಲೆನ್ಸ್ 2.8 ಎಂಎಂ ಇದ್ದರೆ, ಕ್ಯಾಮೆರಾದಿಂದ ಎಷ್ಟು ದೂರವೋ ಅದರ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ ಅಗಲದ ಜಾಗ ಚಿತ್ರದಲ್ಲಿ ಹಿಡಿಸುತ್ತದೆ. ಅಂಗಳದ ಆ ತುದಿ 12 ಮೀಟರ್ ದೂರ. ಅಲ್ಲಿ ಸುಮಾರು 23 ಮೀಟರ್ ಅಗಲದ ಜಾಗವನ್ನು 1920 ಚುಕ್ಕಿಗಳು ಹಂಚಿಕೊಳ್ಳುತ್ತವೆ. ಅಂದರೆ ಮೀಟರಿಗೆ 84 ಚುಕ್ಕಿ. ಮನುಷ್ಯನ ಮುಖದ ಅಗಲ ಹದಿನೈದು, ಹದಿನಾರು ಸೆಂಟಿಮೀಟರ್. ಅದಕ್ಕೆ ಸಿಗುವುದು 13 ಚುಕ್ಕಿ. ಯಾರೋ ಒಬ್ಬ ಬಂದ ಅಂತ ಗೊತ್ತಾಗುತ್ತದೆ. ಯಾರು ಅಂತ ಹೇಳಲು ಆಗುವುದಿಲ್ಲ.

ಈ ಕ್ಷೇತ್ರದಲ್ಲಿ ಇಎನ್ 62676-4 ಅನ್ನುವ ಯುರೋಪಿಯನ್ ಮಾನದಂಡ ಇದೆ. ಗುರುತಿಲ್ಲದ ವ್ಯಕ್ತಿಯನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಗುರುತಿಸಲು ಮೀಟರಿಗೆ 250 ಚುಕ್ಕಿ ಬೇಕು ಅನ್ನುತ್ತದೆ. ಪರಿಚಯದವರನ್ನು ಗುರುತು ಹಿಡಿಯಲು 125 ಸಾಕು. ಯಾರೋ ಇದ್ದಾರೆ ಅಂತ ತಿಳಿಯಲು 25. ಅದೇ 2.8 ಎಂಎಂ ಕ್ಯಾಮೆರಾದಲ್ಲಿ 250 ಚುಕ್ಕಿ ಸಿಗುವುದು ನಾಲ್ಕು ಮೀಟರ್ ಒಳಗೆ ಮಾತ್ರ.

ಹಾಗಾಗಿ ಅಂಗಳದ ಕೆಲಸವನ್ನು ಇಬ್ಭಾಗ ಮಾಡಿದೆವು. ಒಂದು 2.8 ಎಂಎಂ ಕ್ಯಾಮೆರಾ ಇಡೀ ಅಂಗಳವನ್ನು ನೋಡುತ್ತದೆ: ಏನು ನಡೆಯಿತು ಅನ್ನುವುದು ಅದರ ಪಾಲು. ಇನ್ನೊಂದಕ್ಕೆ 6 ಎಂಎಂ ಲೆನ್ಸ್. ಅಂಗಳಕ್ಕೆ ಹತ್ತಿ ಬರಲು ಇರುವುದು ಕಲ್ಲಿನ ಮೆಟ್ಟಿಲು ಒಂದೇ. ಉಳಿದ ಕಡೆ ಧರೆ (ಕಡಿದಾದ ಮಣ್ಣಿನ ದಿಬ್ಬ), ಬೇಲಿ. ಆ ಮೆಟ್ಟಿಲು ಕ್ಯಾಮೆರಾದಿಂದ ಎಂಟು ಮೀಟರ್. 6 ಎಂಎಂ ಲೆನ್ಸಿಗೆ ಅಲ್ಲಿ ಕಾಣುವ ಅಗಲ ಏಳು ಮೀಟರ್ ಮಾತ್ರ, ಹಾಗಾಗಿ ಮೀಟರಿಗೆ 270ರ ಹತ್ತಿರ ಚುಕ್ಕಿ. ಎರಡೂ ಒಂದೇ ಬೆಲೆಯ ಕ್ಯಾಮೆರಾ. ಲೆನ್ಸ್ ಬದಲಿಸಿದ್ದಕ್ಕೆ ಒಂದು ರೂಪಾಯಿಯೂ ಜಾಸ್ತಿ ಬೀಳಲಿಲ್ಲ. ಅಂಗಡಿಯಲ್ಲಿ ಕೇಳಿ ತರಿಸಬೇಕು, ಅಷ್ಟೇ. ಸುಮ್ನೆ ಕೊಟ್ಟರೆ ಎಲ್ಲವೂ 2.8 ಅಥವಾ 3.6 ಆಗಿರುತ್ತವೆ.

ಎತ್ತರದ ವಿಷಯವೂ ಹಾಗೆಯೇ. ಮುಖ ನೋಡುವ ಕ್ಯಾಮೆರಾ ತೀರಾ ಮೇಲಿದ್ದರೆ ಟೋಪಿ, ತಲೆಗೆ ಸುತ್ತಿದ ಟವೆಲ್ ಮಾತ್ರ ಕಾಣುತ್ತದೆ. ಎಂಟು ಅಡಿಯಲ್ಲಿ, ಸೂರಿನ ಮಟ್ಟಕ್ಕೆ ಕೂರಿಸಿದೆವು. ಕೈಗೆ ಎಟುಕಬಾರದು, ನೆತ್ತಿಯನ್ನೂ ನೋಡಬಾರದು.

ತಾಮ್ರದ ತಂತಿ ಮತ್ತು ಮಲೆನಾಡಿನ ಸಿಡಿಲು

ಮಗನಿಗೆ ವೈ-ಫೈ ಕ್ಯಾಮೆರಾ ಬೇಕಿತ್ತು. ತಂದು ಸಿಕ್ಕಿಸಿದರೆ ಆಯಿತು, ಮೆಮೊರಿ ಕಾರ್ಡ್ ಒಳಗೇ ಇರುತ್ತದೆ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಅವನ ಮನೆಯಲ್ಲಿ ಚೆನ್ನಾಗೇ ನಡೆಯುತ್ತಿದೆ. ಎರಡು ಕೋಣೆಯ ಫ್ಲ್ಯಾಟಿಗೆ ನಾನೂ ಅದನ್ನೇ ಹೇಳುತ್ತೇನೆ. ಈ ಮನೆಯ ಗೋಡೆ ಮಾತ್ರ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ. ರೌಟರ್ ಇರುವ ಕೋಣೆಯಿಂದ ಅಡಿಕೆ ಕೋಣೆಗೆ ಮೂರು ಗೋಡೆ. ಫೋನ್ ಹಿಡಿದು ನಡೆದರೆ ಎರಡನೇ ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಹೋಗುತ್ತಿತ್ತು. ಮೇಲಾಗಿ ಪ್ರತಿ ಕ್ಯಾಮೆರಾ ಹತ್ತಿರ ಪ್ಲಗ್ ಬೇಕು, ಕರೆಂಟ್ ಹೋದಾಗ ಪ್ರತಿಯೊಂದಕ್ಕೂ ಬ್ಯಾಕಪ್ ಬೇಕು.

ಅದಕ್ಕೇ ಮನೆಯ ಮೂರು ಕ್ಯಾಮೆರಾಗಳಿಗೆ ಹಳೇ ದಾರಿಯನ್ನೇ ಹಿಡಿದೆವು: ಅನಲಾಗ್ ಎಚ್‌ಡಿ ಕ್ಯಾಮೆರಾ, ನಾಲ್ಕು ಚಾನೆಲ್ ಡಿವಿಆರ್, ತ್ರೀ ಪ್ಲಸ್ ಒನ್ ಕೇಬಲ್. ಕರೆಂಟೂ ಚಿತ್ರವೂ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. ಡಿವಿಆರ್, ಪವರ್ ಸಪ್ಲೈ, ಇಂಟರ್ನೆಟ್ ಪೆಟ್ಟಿಗೆ ಮೂರೂ ಒಂದೇ ಕಡೆ ಇನ್ವರ್ಟರ್ ಲೈನಿಗೆ ಸೇರಿದವು. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ಉರಿಯುವಾಗಲೂ ಡಿವಿಆರ್, ಕ್ಯಾಮೆರಾಗಳು ಸೇರಿ 30 ವ್ಯಾಟ್ ಆಸುಪಾಸು. ಒಂದು ಹಳೇ ಫ್ಯಾನಿನ ಅರ್ಧಕ್ಕಿಂತ ಕಡಿಮೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಿಗೆ ಇದು ದೊಡ್ಡ ಮಾತು. ನೋಡಲು ಹೊಸ ಮಾನಿಟರ್ ಏನೂ ತರಲಿಲ್ಲ, ಜಗಲಿಯ ಟಿವಿಗೇ ಎಚ್‌ಡಿಎಂಐ ಕೇಬಲ್ ಎಳೆದೆವು.

ದಣಪೆ ಮನೆಯಿಂದ 60 ಮೀಟರ್. ಅಲ್ಲಿಗೂ ಕೇಬಲ್ ಎಳೆಯೋಣ ಅಂದರು ಕೆಲಸಕ್ಕೆ ಬಂದವರು. ನಾನು ಒಪ್ಪಲಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಬಯಲಿನಲ್ಲಿ 60 ಮೀಟರ್ ತಾಮ್ರದ ತಂತಿ ಮಲಗಿಸಿದರೆ, ಸಿಡಿಲು ಎಲ್ಲೋ ಹತ್ತಿರದ ಮರಕ್ಕೆ ಬಿದ್ದರೂ ಅದರ ಹೊಡೆತ ತಂತಿ ಹಿಡಿದು ಸೀದಾ ಡಿವಿಆರ್‌ಗೆ ಬರುತ್ತದೆ. ಅದರಿಂದ ದಣಪೆಗೆ ಸೋಲಾರ್ ಪ್ಯಾನೆಲ್, ಬ್ಯಾಟರಿ, ಸಿಮ್ ಕಾರ್ಡ್ ಇರುವ ಪ್ರತ್ಯೇಕ ಕ್ಯಾಮೆರಾ ಹಾಕಿಸಿದೆವು. ಅದಕ್ಕೂ ಮನೆಗೂ ತಂತಿಯ ಸಂಬಂಧವೇ ಇಲ್ಲ.

ಈ ಬ್ಯಾಟರಿ ಕ್ಯಾಮೆರಾಗಳ ಒಂದು ಗುಣ ಕೊಳ್ಳುವ ಮೊದಲು ಗೊತ್ತಿರಬೇಕು. ಅವು ಯಾವಾಗಲೂ ರೆಕಾರ್ಡ್ ಮಾಡುವುದಿಲ್ಲ. ನಿದ್ದೆಯಲ್ಲಿರುತ್ತವೆ, ಮೈ ಬಿಸಿ, ಎಂಜಿನ್ ಬಿಸಿ ಸೆನ್ಸರಿಗೆ ತಾಗಿದಾಗ ಏಳುತ್ತವೆ. ಏಳಲು ಒಂದೆರಡು ಸೆಕೆಂಡ್ ಹೋಗುತ್ತದೆ. ರಸ್ತೆಗೆ ಅಡ್ಡವಾಗಿ ಇಟ್ಟರೆ ಬೈಕ್ ಅಷ್ಟರಲ್ಲಿ ದಾಟಿರುತ್ತದೆ. ನಾವು ರಸ್ತೆಯ ಉದ್ದಕ್ಕೆ ಮುಖ ಮಾಡಿ ಕೂರಿಸಿದೆವು. ದಣಪೆ ತೆಗೆಯಲು ಗಾಡಿ ಹೇಗೂ ನಿಲ್ಲಲೇಬೇಕು, ಅಲ್ವಾ? ಆ ಹೊತ್ತು ಸಾಕು. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲಿಲ್ಲದೆ ಬ್ಯಾಟರಿ ಇಳಿಯುತ್ತದೆ. ಆಗ ಅಂಗಳದಲ್ಲಿ ಅಡಿಕೆಯೂ ಇರುವುದಿಲ್ಲ. ಜೂನ್‌ನಲ್ಲಿ ಬಿಚ್ಚಿ ಒಳಗಿಟ್ಟು, ಕೊಯ್ಲಿಗೆ ಮೊದಲು ಮತ್ತೆ ಕಟ್ಟುವುದು ಅಂತ ಮಾತಾಯಿತು.

ಖರ್ಚಿನ ಲೆಕ್ಕ ಹೀಗಿತ್ತು. ಡಿವಿಆರ್ 3,000. ಮೂರು ಕ್ಯಾಮೆರಾ 4,200. ಸಿಸಿಟಿವಿಗೆಂದೇ ಬರುವ 1 ಟಿಬಿ ಹಾರ್ಡ್ ಡಿಸ್ಕ್ 4,500. ಕೇಬಲ್ ಸುರುಳಿ 1,600. ಪವರ್ ಸಪ್ಲೈ, ಪಿನ್, ಡಬ್ಬಿ ಎಲ್ಲ ಸೇರಿ 1,100. ಸೋಲಾರ್ ಕ್ಯಾಮೆರಾ 5,500, ಅದಕ್ಕೆ ಹೆಚ್ಚು ಬಾಳುವ ಮೆಮೊರಿ ಕಾರ್ಡ್ 800. ಕೂಲಿ 2,000. ಒಟ್ಟು 22,700 ರೂಪಾಯಿ. ಸಿಮ್ ರೀಚಾರ್ಜ್ ಬೇರೆ, ಅದೂ ಕೊಯ್ಲಿನ ತಿಂಗಳುಗಳಿಗೆ ಮಾತ್ರ.

ಹಾರ್ಡ್ ಡಿಸ್ಕ್‌ನಲ್ಲಿ ಉಳಿಸಲು ಹೋಗಬೇಡಿ. ಕಂಪ್ಯೂಟರಿನ ಹಳೇ ಡಿಸ್ಕ್ ಹಾಕಿದರೆ ಹಗಲೂ ರಾತ್ರಿ ಬರೆಯುವ ಕೆಲಸ ತಾಳುವುದಿಲ್ಲ. ಅದು ಹೋಗಿದ್ದು ಬೇಕಾದ ದಿನವೇ ಗೊತ್ತಾಗುತ್ತದೆ.

ರಾತ್ರಿ ನೋಡಿದಾಗ

ಹಗಲಿನ ಚಿತ್ರ ನೋಡಿ ಕೂಲಿ ಕೊಟ್ಟು ಕಳಿಸುವುದು ಎಲ್ಲ ಕಡೆ ನಡೆಯುತ್ತದೆ. ಇಲ್ಲಿ ಕತ್ತಲಾಗುವವರೆಗೆ ಕೆಲಸದವರನ್ನು ಕೂರಿಸಿಕೊಂಡೆವು. ಚಿಕ್ಕಮ್ಮ ಅವರಿಗೆ ಊಟವನ್ನೂ ಹಾಕಿದರು. ಕತ್ತಲಾದ ಮೇಲೆ ಅಂಗಳದ ಕ್ಯಾಮೆರಾ ಹೊಗೆ ತುಂಬಿದ ಹಾಗೆ ಬೆಳ್ಳಗೆ ತೋರಿಸಿತು. ಕಾರಣ ಸೂರು. ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ತಲೆಯ ಮೇಲಿನ ಹೆಂಚಿಗೂ ಪಕಾಸಿಗೂ ಹೊಡೆದು ಲೆನ್ಸಿಗೇ ವಾಪಸ್ ಬರುತ್ತಿತ್ತು. ಒಂದು ಅಡಿ ಪೈಪ್ ಕೊಟ್ಟು ಸೂರಿನಿಂದ ಹೊರಗೆ, ಸ್ವಲ್ಪ ಕೆಳಗೆ ತಂದ ಕೂಡಲೇ ಮೆಟ್ಟಿಲು ಸ್ಪಷ್ಟವಾಯಿತು. ಅಂಗಳದ ಬಲ್ಬನ್ನು ಕ್ಯಾಮೆರಾದ ಹಿಂದಕ್ಕೆ ಸರಿಸಿದೆವು. ಮೊದಲು ಅದು ಎದುರಿಗೇ ಉರಿಯುತ್ತಿತ್ತು. ನಡೆದು ಬಂದವರ ಮುಖ ಕಪ್ಪು ನೆರಳಾಗಿ ಕಾಣುತ್ತಿತ್ತು.

ಜೇಡ ಮಾತ್ರ ಇನ್ನೂ ಬಿಟ್ಟಿಲ್ಲ. ರಾತ್ರಿ ಕ್ಯಾಮೆರಾದ ಹತ್ತಿರ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಬಲೆ ಲೆನ್ಸಿನ ಮುಂದೆ ಕಟ್ಟುತ್ತದೆ. ಉದ್ದ ಕಡ್ಡಿಗೆ ಬಟ್ಟೆ ಕಟ್ಟಿ ವಾರಕ್ಕೊಮ್ಮೆ ಒರೆಸುವುದು ಚಿಕ್ಕಪ್ಪನ ಕೆಲಸ.

ಮೊಬೈಲಿಗೆ ಬರುವ ಅಲರ್ಟ್ ಶುರುವಿನಲ್ಲಿ ದೊಡ್ಡ ಕಾಟ. ಬಾವಲಿ ಹಾರಿದರೆ, ನಾಯಿ ಓಡಿದರೆ, ಶೇಡ್‌ನೆಟ್ ಗಾಳಿಗೆ ಅಲುಗಿದರೆ ಟಿಂಗ್ ಅನ್ನುತ್ತಿತ್ತು. ಮಗ ಎರಡನೇ ದಿನ ಮ್ಯೂಟ್ ಮಾಡಿದ್ದ. ಮ್ಯೂಟ್ ಮಾಡಿದ ಅಲರ್ಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆಮೇಲೆ ಮೆಟ್ಟಿಲಿನ ಜಾಗಕ್ಕೆ ಮಾತ್ರ ಗೆರೆ ಎಳೆದು, ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ಒತ್ತಿ, ರಾತ್ರಿ 10ರಿಂದ ಬೆಳಗಿನ 5ರವರೆಗೆ ಅಂತ ಸಮಯ ಕೊಟ್ಟೆವು. ಈಗ ಬಂದರೆ ಎದ್ದು ನೋಡುತ್ತಾನೆ.

ಪಾಸ್‌ವರ್ಡ್ ಬಗ್ಗೆ ಒಂದು ಮಾತು. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ವಶ ಮಾಡಿಕೊಂಡಿತ್ತು. ಅದು ಮಾಡಿದ್ದು ಇಷ್ಟೇ: ಕಂಪನಿ ಹಾಕಿ ಕಳಿಸಿದ ಹೆಸರು, ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿ ಇಟ್ಟುಕೊಂಡು ಒಂದೊಂದಾಗಿ ಪ್ರಯತ್ನಿಸಿದ್ದು. ಹಾಕಿಸಲು ಬಂದವರು ಎಲ್ಲ ಮನೆಗೂ ಒಂದೇ ಪಾಸ್‌ವರ್ಡ್ ಕೊಡುವುದು ಇಂದಿಗೂ ಇದೆ. ಅವರು ಹೋದ ಕೂಡಲೇ ಬದಲಿಸಿದೆವು. ಮಗನ ಫೋನಿಗೆ ನೋಡಲು ಮಾತ್ರ ಅವಕಾಶ, ಅಳಿಸಲು ಇಲ್ಲ. ರೌಟರ್‌ನಲ್ಲಿ ಪೋರ್ಟ್ (ಹೊರಗಿನ ಇಂಟರ್ನೆಟ್‌ನಿಂದ ನೇರ ಒಳಬರುವ ದಾರಿ) ತೆರೆಯಲಿಲ್ಲ. 2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಕೊಳ್ಳುವಾಗ ಕೇಂದ್ರ ಸರ್ಕಾರದ ಎಸ್‌ಟಿಕ್ಯುಸಿ ಸಂಸ್ಥೆಯ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಹಳೇ ಸ್ಟಾಕ್ ಅಗ್ಗಕ್ಕೆ ಸಿಗುತ್ತದೆ ಅಂದರೆ ನಾನು ತೆಗೆದುಕೊಳ್ಳುವುದಿಲ್ಲ.

ಸಿಕ್ಕ ಚೀಲ

ಕೊಯ್ಲು ಶುರುವಾದಾಗ ಸುಲಿಯಲು ಬರುವ ಹೆಂಗಸರಿಗೆ ಚಿಕ್ಕಮ್ಮನೇ ಕ್ಯಾಮೆರಾ ತೋರಿಸಿದರು. ಅವರು ರಾತ್ರಿ ತಡವಾಗುವವರೆಗೂ ಚಪ್ಪರದ ಕೆಳಗೆ ಕೂತು ಸುಲಿಯುತ್ತಾರೆ. ಮನೆ ಸುದ್ದಿ, ಊರ ಸುದ್ದಿ ಮಾತಾಡುತ್ತಾರೆ. "ನಮ್ಮ ಮಾತೂ ಕೇಳ್ತದಾ ಅಮ್ಮಾ?" ಅಂತ ಒಬ್ಬರು ಕೇಳಿದರಂತೆ. ಮೈಕ್ ಇದ್ದದ್ದು ಒಂದರಲ್ಲಿ. ಅದನ್ನು ಅವರ ಎದುರೇ ಬಂದ್ ಮಾಡಿ ಟಿವಿಯಲ್ಲಿ ತೋರಿಸಿದರು. ದುಡಿಯುವವರಿಗೆ ಹೇಳದೆ ಅವರ ಮೇಲೆ ಕ್ಯಾಮೆರಾ ತಿರುಗಿಸುವುದು ಸರಿಯಲ್ಲ. ಕಳ್ಳರು ಅಂತ ಕರೆದ ಹಾಗಾಗುತ್ತದೆ.

ಜನವರಿಯಲ್ಲಿ ಲೆಕ್ಕ ತಾಳೆ ನೋಡುವಾಗ ಒಂದು ಚೀಲ ಕಮ್ಮಿ ಬಂತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಅನುಮಾನ ಒಬ್ಬ ಕೆಲಸದವನ ಮೇಲೆ ಹೋಯಿತು. ಆ ಕೋಣೆಯ ಬೀಗದ ಕೈ ಎಲ್ಲಿರುತ್ತದೆ ಅಂತ ಅವನಿಗೆ ಗೊತ್ತಿತ್ತು. ರೆಕಾರ್ಡಿಂಗ್ ಹಿಂದಕ್ಕೆ ಓಡಿಸುತ್ತ ಹೋದಾಗ ಉತ್ತರ ಮೂರು ವಾರ ಹಿಂದೆ ಸಿಕ್ಕಿತು. ಮಂಡಿಗೆ ಮಾಲು ಹೋದ ದಿನ, ಗಾಡಿ ಹೊರಡುವ ಹೊತ್ತಿಗೆ ಚಿಕ್ಕಪ್ಪನೇ ಬಾಗಿಲಲ್ಲಿ ನಿಂತು ಇನ್ನೊಂದು ಚೀಲ ಹೊರಿಸಿದ್ದರು. ಪುಸ್ತಕದಲ್ಲಿ ಬರೆಯಲು ಮರೆತಿದ್ದರು. ಮಂಡಿಯ ಚೀಟಿ ಹುಡುಕಿ ನೋಡಿದರೆ ತೂಕವೂ ಸರಿ ಇತ್ತು. ನಲವತ್ತು ವರ್ಷದಿಂದ ಆ ಮನೆಗೆ ಬರುತ್ತಿರುವ ಕುಟುಂಬದವನು ಅವನು. ಇಡೀ ವ್ಯವಸ್ಥೆಗೆ ಹಾಕಿದ ದುಡ್ಡು ಆ ಒಂದು ದಿನಕ್ಕೇ ಸಾರ್ಥಕ ಆಯಿತು ಅಂತ ನಾನು ತಿಳಿದಿದ್ದೇನೆ.

ಮೂರು ವಾರದ ಹಿಂದಿನ ದೃಶ್ಯ ಉಳಿದಿದ್ದಕ್ಕೆ ಒಂದು ಸೆಟ್ಟಿಂಗ್ ಕಾರಣ. ಡಿವಿಆರ್ ಬಂದಾಗ ಪ್ರತಿ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತಿತ್ತು. ಅಂದರೆ ದಿನಕ್ಕೆ 21.6 ಜಿಬಿ, ಮೂರಕ್ಕೆ 65 ಜಿಬಿ. 1 ಟಿಬಿ ಡಿಸ್ಕ್ ಹದಿನೈದು ದಿನದಲ್ಲಿ ತುಂಬಿ ಹಳೆಯದರ ಮೇಲೆ ಬರೆಯಲು ಶುರು ಮಾಡುತ್ತದೆ. ಕೂರಿಸಿದ ದಿನವೇ ಎಚ್.265ಕ್ಕೆ (ವಿಡಿಯೊವನ್ನು ಹೆಚ್ಚು ಕುಗ್ಗಿಸಿ ಬರೆಯುವ ವಿಧಾನ) ಬದಲಿಸಿ 1 ಮೆಗಾಬಿಟ್‌ಗೆ ಇಳಿಸಿದ್ದೆವು. ಮೆಟ್ಟಿಲಿನ ಮುಖ ಎರಡರಲ್ಲೂ ಹೋಲಿಸಿ ನೋಡಿ, ವ್ಯತ್ಯಾಸ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಹಾಗೆ ಮಾಡಿದ್ದು. ಹದಿನೈದು ದಿನ ಮೂವತ್ತಾಯಿತು. ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿದ್ದೂ ಉಪಯೋಗಕ್ಕೆ ಬಂತು. ಮಂಡಿ ಚೀಟಿಯ ದಿನಾಂಕಕ್ಕೂ ದೃಶ್ಯದ ದಿನಾಂಕಕ್ಕೂ ತಾಳೆಯಾಯಿತು.

ಅದು ಕಳ್ಳತನವೇ ಆಗಿದ್ದರೆ ಮುಂದಿನ ಕೆಲಸ ಬೇರೆ ಇತ್ತು. ಆ ತುಣುಕನ್ನು ಅಂದೇ ಪೆನ್‌ಡ್ರೈವಿಗೆ ತೆಗೆಯಬೇಕು. ಟಿವಿ ಪರದೆಯನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಡಿವಿಆರ್ ಯಾವುದು, ಯಾರ ಸುಪರ್ದಿಯಲ್ಲಿತ್ತು ಅನ್ನುವುದು ಅದರಲ್ಲಿ ಬರುತ್ತದೆ. ಬಿಲ್ಲು, ಸೀರಿಯಲ್ ನಂಬರ್ ಫೋಟೊ ಎರಡನ್ನೂ ಚಿಕ್ಕಪ್ಪ ಅಡಿಕೆ ಲೆಕ್ಕದ ಪುಸ್ತಕದಲ್ಲೇ ಇಟ್ಟಿದ್ದಾರೆ.

ಮೇ ತಿಂಗಳ ಮಳೆ

ಮೊದಲ ಗುಡುಗಿಗೇ ಚಿಕ್ಕಪ್ಪ ಡಿವಿಆರ್ ಪ್ಲಗ್ ಕಿತ್ತರು. ಟಿವಿ, ಫ್ರಿಜ್ ಕೀಳುವ ಅಭ್ಯಾಸ ಮೊದಲಿಂದಲೂ ಇದೆ. ಆದರೂ ಡಿವಿಆರ್‌ನ ನೆಟ್‌ವರ್ಕ್ ಪೋರ್ಟ್ ಸುಟ್ಟಿತು. ಇಂಟರ್ನೆಟ್ ಪೆಟ್ಟಿಗೆಯ ಅಡಾಪ್ಟರ್ ಅದೇ ಬೋರ್ಡಿನ ಇನ್ನೊಂದು ಪ್ಲಗ್‌ನಲ್ಲಿ ಹಾಗೇ ಉಳಿದಿತ್ತು. ಇಂಟರ್ನೆಟ್ ಬರುವ ಫೈಬರ್ ಗಾಜಿನದು, ಅದರಲ್ಲಿ ಸಿಡಿಲಿನ ಹೊಡೆತ ಬರುವುದಿಲ್ಲ. ಬಂದಿದ್ದು ಅಡಾಪ್ಟರ್ ದಾರಿಯಿಂದ, ಅಲ್ಲಿಂದ ಸಣ್ಣ ನೆಟ್‌ವರ್ಕ್ ತಂತಿ ಹಿಡಿದು ಡಿವಿಆರ್‌ಗೆ. ರೆಕಾರ್ಡಿಂಗ್‌ಗೆ ಏನೂ ಆಗಲಿಲ್ಲ. ಬೆಂಗಳೂರಿಗೆ ಕಾಣುವುದು ಮಾತ್ರ ನಿಂತಿತು. ವಾರಂಟಿಯಲ್ಲಿ ಸಿಡಿಲು ಬರುವುದಿಲ್ಲ. ರಿಪೇರಿಗೆ 900 ರೂಪಾಯಿ ಹೋಯಿತು. ಈಗ ಡಿವಿಆರ್, ಪವರ್ ಸಪ್ಲೈ, ಇಂಟರ್ನೆಟ್ ಪೆಟ್ಟಿಗೆ ಮೂರೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿವೆ, ಕೀಳಬೇಕಾದ್ದು ಒಂದೇ ಪ್ಲಗ್. ದಣಪೆಯ ಕ್ಯಾಮೆರಾಕ್ಕೆ ಏನೂ ಆಗಿಲ್ಲ.

ಡಿವಿಆರ್‌ನಲ್ಲಿ ನಾಲ್ಕನೇ ಚಾನೆಲ್ ಖಾಲಿ ಇದೆ. ಹಿಂದಿನ ಬಾಗಿಲ ಕಡೆ ಒಂದು ಬೇಕು ಅಂತ ಚಿಕ್ಕಪ್ಪನಿಗೇ ಈಗ ಅನ್ನಿಸಿದೆ. ಅಲ್ಲಿ ಬಚ್ಚಲು ಇದೆ. ಸ್ನಾನಕ್ಕೆ ಹೋಗಿ ಬರುವವರು ಚಿತ್ರದಲ್ಲಿ ಬರಲೇಬಾರದು. ಖಾಸಗಿ ಹೊತ್ತಿನಲ್ಲಿರುವ ಹೆಂಗಸರ ಚಿತ್ರ ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ ಕೂಡ. ಬಾಗಿಲಿನ ಚಿಲಕ, ಮೆಟ್ಟಿಲು ಇಷ್ಟೇ ಕಾಣುವ ಹಾಗೆ 6 ಎಂಎಂ ಕ್ಯಾಮೆರಾವನ್ನು ಕೆಳಮುಖವಾಗಿ ಕೂರಿಸಿ, ಉಳಿದ ಜಾಗಕ್ಕೆ ಡಿವಿಆರ್‌ನಲ್ಲೇ ಕಪ್ಪು ಪಟ್ಟಿ ಹಾಕಬಹುದು. ಚಿಕ್ಕಮ್ಮ ಇನ್ನೂ ಒಪ್ಪಿಲ್ಲ. ಮೊದಲು ಟಿವಿಯಲ್ಲಿ ಚಿತ್ರ ತೋರಿಸಿ, ಆಮೇಲೆ ಮೊಳೆ ಹೊಡೆಯಿರಿ ಅಂದಿದ್ದಾರೆ. ಕೊಯ್ಲಿಗೆ ಮೊದಲು ಹಾಗೇ ಮಾಡುತ್ತೇವೆ.